ಎಡದಂಡೆ ಕ್ಲಬ್ಬಿನ ಕಿಮ್ಮತ್ತು

ನಾನು ಮೈಕು ಹಿಡಿದು ‘ಗೋಲ್’ ಎಂದು ಒಮ್ಮೆ ಒದರಿದರೆ ನಾರಾಯಣಪುರ ಡ್ಯಾಮಿನ ಗೇಟುಗಳು ತಾವಾಗಿಯೇ ಏಳುತ್ತಿದ್ದವು. ಆ ದನಿಗೆ ಎಡದಂಡೆ ಕಾಲುವೆಯ ನೀರು ಹಿಂದಕ್ಕೆ ಹರಿದದ್ದನ್ನು ಕಣ್ಣಾರೆ ಕಂಡವರು ಶಹಾಪುರ ತಾಲೂಕಿನಲ್ಲಿ ಕಡಿಮೆಯೆಂದರೂ ನಲವತ್ತು ಸಾವಿರ ಮಂದಿ ಇದ್ದಾರೆ. ಅರ್ಧ ಮಂದಿ ತೀರಿಕೊಂಡಿದ್ದಾರೆ, ಉಳಿದರ್ಧ ಸಾಕ್ಷಿ ಹೇಳಲು ನಾಚುತ್ತಾರೆ. ಯಂಕಣ್ಣನ ದನಿ ಎಂದರೆ ಅದು. ಅಂಥ ದನಿ ಆ ದಿನ ಮಧ್ಯಾಹ್ನ ಭೀಮರಾಯನಗುಡಿ ಕ್ಯಾಂಪಿನ ಹಳೆಯ ತಗಡಿನ ಶೆಡ್ಡಿನಲ್ಲಿ ಗಂಟಲಲ್ಲೇ ಸಿಕ್ಕಿಕೊಂಡಿತು. ಎದುರಿಗೆ ಕೂತಿದ್ದ, ಇಸ್ತ್ರಿ ಮುರಿಯದ ಬಿಳಿ ಅಂಗಿಯ ಮನುಷ್ಯ ಕನ್ನಡಕ ಒರೆಸಿಕೊಳ್ಳುತ್ತ, ಹೆಣ್ಣು ನೋಡಲು ಬಂದವನಷ್ಟು ಮೆತ್ತಗೆ ಹೇಳಿದ್ದ:

“ನೋಡಿ, ಬೇಜಾರು ಮಾಡ್ಕೋಬೇಡಿ. ನೀವೆಲ್ಲ ಸೇರಿ ಮೈನಸ್ ಇಪ್ಪತ್ತೆಂಟು ಲಕ್ಷ ಆಗ್ತೀರಿ.”

ನಾವೆಲ್ಲ ಎಂದರೆ ಎಡದಂಡೆ ಫುಟ್‌ಬಾಲ್ ಕ್ಲಬ್ಬಿನ ಹದಿನಾರು ಆಟಗಾರರು, ಕೋಚ್ ತಿಮ್ಮಣ್ಣ, ಊಟ ಹಾಕುವ ದೇವಕ್ಕ. ಕ್ಲಬ್ಬಿನ ಮಾಲೀಕ ಚನ್ನಯ್ಯ ಸಾವ್ಕಾರ ಅದರಲ್ಲಿ ಬರುವುದಿಲ್ಲ, ಅವನು ಮಾರುವವನು. ಈ ಬಿಳಿ ಅಂಗಿಯವನು ಬೆಂಗಳೂರಿನಿಂದ ಬಂದಿದ್ದ. ಸೈದಾಪುರದ ಆಚೆ ಕಡೇಚೂರಿನಲ್ಲಿ ಔಷಧದ ಪುಡಿ ಮಾಡುವ ಕಾರ್ಖಾನೆಯ ಧಣಿಯೊಬ್ಬನಿಗೆ ನಮ್ಮ ಕ್ಲಬ್ ಕೊಳ್ಳುವ ಮನಸ್ಸಾಗಿ, ಬೆಲೆ ಕಟ್ಟಿ ಬಾ ಎಂದು ಇವನನ್ನು ಕಳಿಸಿದ್ದ. ನಾವು ಅವನನ್ನು ಕಿಮ್ಮತ್ತಿನ ಸಾಹೇಬ ಎನ್ನುತ್ತಿದ್ದೆವು. ಹೆಸರು ಹೇಳುವುದಿಲ್ಲ, ಹೇಳಿದರೆ ನನ್ನ ನಾಲಿಗೆ ಸುಟ್ಟೀತು. ಆ ಮಾತು ಕೇಳಿದಾಗ ನನ್ನ ಮೈಯಿಂದ ಎದ್ದ ಕಾವಿಗೆ ಮೇಲಿನ ತಗಡು ಕೆಂಪಗಾಯಿತು. ಇವತ್ತಿಗೂ ನೆನೆದರೆ ಆಗುತ್ತದೆ, ಮುಟ್ಟಿ ನೋಡಬಹುದು.

ಸಿಟ್ಟು ಯಾಕೆ ಎಂದು ತಿಳಿಯಬೇಕಾದರೆ ಆ ಕ್ಲಬ್ ಹೇಗೆ ಹುಟ್ಟಿತು ಎಂದು ತಿಳಿಯಬೇಕು. ಕಾಲುವೆ ತೋಡುವ ಕಾಲದಲ್ಲಿ ಭೀಮರಾಯನಗುಡಿಯಲ್ಲಿ ಜನಕ್ಕಿಂತ ಯಂತ್ರಗಳೇ ಹೆಚ್ಚಿದ್ದವು. ಅವುಗಳ ರಿಪೇರಿಗೆಂದು ಕೇರಳದಿಂದ ಬಂದ ಮೆಕ್ಯಾನಿಕ್ ಒಬ್ಬ ಪೆಟ್ಟಿಗೆಯಲ್ಲಿ ಸ್ಪ್ಯಾನರುಗಳ ಜೊತೆ ಒಂದು ಚೆಂಡು ತಂದಿದ್ದ. ಸಂಜೆ ಕೆಲಸ ನಿಂತ ಮೇಲೆ ಯಂತ್ರಗಳ ಅಂಗಳದಲ್ಲಿ ಅದನ್ನು ಒದೆಯುತ್ತಿದ್ದ. ಅವನ ಎದುರು ನಿಂತು ಒದೆಯಲು ಕಲಿತವನು ರೋಲರ್ ಮೇಲೆ ಕೂಲಿಗಿದ್ದ ತಿಮ್ಮಣ್ಣ. ಕಾಲುವೆ ಮುಗಿಯಿತು, ಯಂತ್ರಗಳು ಹೋದವು, ಮೆಕ್ಯಾನಿಕ್ಕನೂ ಹೋದ. ಚೆಂಡು ಉಳಿಯಿತು. ಅಂಗಳ ಮೈದಾನವಾಯಿತು. ತಿಮ್ಮಣ್ಣ ಬೋನಾಳದಿಂದ, ಸುರಪುರದಿಂದ, ನೀರು ಬಂದ ಮೇಲೆ ಎದ್ದ ಗದ್ದೆಯ ಕ್ಯಾಂಪುಗಳಿಂದ ಕಾಲು ಗಟ್ಟಿ ಇದ್ದವರನ್ನು ಹೆಕ್ಕಿ ತಂದ. ಅವರು ಯಾದಗಿರಿ ಗೆದ್ದರು, ಕಲಬುರಗಿ ಗೆದ್ದರು, ಕೊನೆಗೆ ರಾಜ್ಯದ ಲೀಗಿನ ಎರಡನೇ ದರ್ಜೆಗೆ ಹೋಗಿ ಕೂತರು. ಜಪಾನಿನವರು ಪತ್ರ ಬರೆದು, ದಯವಿಟ್ಟು ನಮ್ಮ ಮೇಲೆ ಆಡಬೇಡಿ ಎಂದು ಬೇಡಿಕೊಂಡಿದ್ದರು. ಪತ್ರವನ್ನು ಗೆದ್ದಲು ತಿಂದಿತು.

ಲೀಗಿನಲ್ಲಿ ಆಡಬೇಕಾದರೆ ಆಟಗಾರರಿಗೆ ತಿಂಗಳ ಸಂಬಳ ಕೊಡಬೇಕು. ಶಹಾಪುರದಲ್ಲಿ ಹತ್ತಿ, ಭತ್ತದ ಅಡತ ಅಂಗಡಿ ಇಟ್ಟ ಚನ್ನಯ್ಯ ಸಾವ್ಕಾರ, ಅಂಗಿಯ ಬೆನ್ನ ಮೇಲೆ ತನ್ನ ಅಂಗಡಿಯ ಹೆಸರು ಬರೆಸುವ ಆಸೆಗೆ ಕ್ಲಬ್ ತನ್ನ ಹೆಸರಿಗೆ ಮಾಡಿಕೊಂಡು ಸಂಬಳ ಹೊತ್ತುಕೊಂಡ. ತಿಮ್ಮಣ್ಣ ಆಗ ಕಾಲುವೆಯ ಗೇಟು ತಿರುಗಿಸುವ ದಿನಗೂಲಿಯಲ್ಲಿದ್ದ. ಜೊತೆಯವರು ಇನ್ನೇನು ಕಾಯಂ ಆಗುವ ಹೊತ್ತಿಗೆ ಅದನ್ನು ಬಿಟ್ಟು ಮೈದಾನಕ್ಕೆ ಬಂದ. “ಹುಚ್ಚ ಹಿಡದದೇನೋ ತಿಮ್ಮಾ, ಸರ್ಕಾರಿ ಅನ್ನ ಒದೀತಿ,” ಎಂದು ದೇವಕ್ಕ ಬೈದಿದ್ದಳು. “ಒದಿಯೋದ ನಾ ಕಲ್ತದ್ದು ಯಕ್ಕಾ,” ಎಂದಿದ್ದ ಅವನು. ಅವನಿಗೆ ಬೇರೆ ಕೆಲಸವಿರಲಿಲ್ಲ, ಹೊಲವಿರಲಿಲ್ಲ. ಕ್ಲಬ್ ಹೋದರೆ ಅವನಿಗೆ ನಿಲ್ಲಲು ನೆಲವಿರಲಿಲ್ಲ.

ಹೀಗಿರುವಾಗ ಸಾವ್ಕಾರನಿಗೆ ಅಕ್ಕಿ ಗಿರಣಿ ಹಾಕುವ ಉಮೇದು ಬಂತು, ಕಾರ್ಖಾನೆಯ ಧಣಿಗೆ ಫುಟ್‌ಬಾಲಿನ ಉಮೇದು ಬಂತು. ಕ್ಲಬ್ ಮಾರುವುದು ಹೇಗೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾರುವ ವಿದ್ಯೆ ಬಲ್ಲವನೆಂದರೆ ಸುರಪುರದ ದನದ ಸಂತೆಯ ದಲ್ಲಾಳಿ ಲಾಡ್ಲೇಸಾಬ. ಸಾವ್ಕಾರ ಅವನನ್ನೇ ಕರೆಸಿದ.

ಲಾಡ್ಲೇಸಾಬ ಮೈದಾನದ ಸುತ್ತ ಒಂದು ಸುತ್ತು ಬಂದ. ಓಡುತ್ತಿದ್ದ ಆಟಗಾರರ ಪಿಂಡಿ ನೋಡಿದ, ಗೋಲ್‌ಕೀಪರ್ ಮರಿಲಿಂಗಪ್ಪನ ಭುಜ ಹಿಚುಕಿದ. ಹಲ್ಲು ನೋಡಲು ಬಾಯಿಗೆ ಕೈ ಹಾಕಲಿದ್ದ, ಮರಿಲಿಂಗಪ್ಪ ಹಿಂದೆ ಸರಿದ.

“ಮಾಲು ಛಲೋ ಅದ ಸಾವ್ಕಾರ್ರಿ. ಖರೇ ಬಡಕಲ ಕಾಣ್ತದ,” ಎಂದ ಲಾಡ್ಲೇಸಾಬ. “ಗಿರಾಕಿ ಬರೋಕಿಂತ ಮೊದ್ಲು ಒಂದ ತಿಂಗಳ ಮೇಯಸ್ರಿ. ಸಂತಿಗಿ ಎತ್ತು ಹೊಡಕೊಂಡು ಹೋಗೋಕಿಂತ ಮೊದ್ಲು ನಾವು ಹತ್ತಿಕಾಳು, ಹಿಂಡಿ ಇಡ್ತೀವಿಲ್ಲೋ, ಹಂಗ. ಗಿರಾಕಿ ಕೇಳಿದ್ರ ಎಷ್ಟ ತಿಂತದ, ಎಷ್ಟ ಖರ್ಚ ಮಾಡೀವಿ ಅಂತ ಎದಿ ಉಬ್ಬಿಸಿ ಹೇಳಬೇಕು. ಎಷ್ಟ ತಿಂತದಂದ್ರ ಅಷ್ಟ ಕಿಮ್ಮತ್ತು.”

“ಹೇಳೋ ಕೆಲಸ ನಂದು,” ಎಂದೆ ನಾನು. ಆ ಕೆಲಸಕ್ಕೆ ನನಗಿಂತ ಯೋಗ್ಯ ಮನುಷ್ಯ ಕೃಷ್ಣೆ ಮತ್ತು ಭೀಮೆಯ ನಡುವೆ ಇನ್ನೂ ಹುಟ್ಟಿಲ್ಲ.

ತಿಂಗಳು ಪೂರ್ತಿ ದೇವಕ್ಕನ ಖಾನಾವಳಿಯಲ್ಲಿ ಒಲೆ ಆರಲಿಲ್ಲ. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ದಿನ ಬಿಟ್ಟು ದಿನ ಕೋಳಿ, ಬುಟ್ಟಿಗಟ್ಟಲೆ ತತ್ತಿ. ತಾಲೂಕಿನ ಕೋಳಿಗಳೆಲ್ಲ ಊರು ಬಿಟ್ಟು ಬೆಟ್ಟ ಹತ್ತಿದವು. ದುಡ್ಡು ಎಲ್ಲಿ ಎಂದು ಕೇಳಿದಾಗಲೆಲ್ಲ ಸಾವ್ಕಾರ, “ಕ್ಲಬ್ ಮಾರಿದ ದಿನ ತಗೋ ದೇವಕ್ಕ,” ಎನ್ನುತ್ತಿದ್ದ. ಅವಳೂ ಹಾಕಿದಳು. “ತಿನ್ರೋ, ನಿಮ್ಮ ಬೆನ್ನಿನ ಎಲುವ ಮುಚ್ಚಲಿ. ಆ ಬೆಂಗಳೂರಾಂವ ಎಣಸಬಾರದು,” ಎಂದು ಬಡಿಸುತ್ತಿದ್ದಳು. ಮರಿಲಿಂಗಪ್ಪ ಒಂಬತ್ತನೇ ರೊಟ್ಟಿಗೆ ಕೈಮುಗಿದರೆ, “ನಿಂದೇ ಜಾಸ್ತಿ ರೇಟು ಬರ್ಬೇಕು, ತಿನ್ನು,” ಎಂದು ಹತ್ತನೆಯದನ್ನು ತಟ್ಟೆಗೆ ಎಸೆಯುತ್ತಿದ್ದಳು. ಸಾವ್ಕಾರ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಎಲ್ಲರ ಸಂಬಳ ಏರಿಸಿ, ಎರಡೆರಡು ವರ್ಷದ ಕರಾರು ಬರೆಸಿದ. ಹೆಚ್ಚು ಸಂಬಳದ ಆಟಗಾರ ಹೆಚ್ಚು ಬೆಲೆಯ ಆಟಗಾರ ಎಂಬುದು ಅವನ ಹಿಸಾಬು. ನಮ್ಮೆಲ್ಲರ ಹಿಸಾಬೂ ಅದೇ ಆಗಿತ್ತು. ತಿಮ್ಮಣ್ಣ ಮಾತ್ರ ಕರಾರಿಗೆ ಸಹಿ ಮಾಡುವಾಗ, “ಕಾಲ ಆಡ್ತಾವ ಸಾವ್ಕಾರ್ರಿ, ಹೊಟ್ಟಿ ಅಲ್ಲ,” ಎಂದ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕಿಮ್ಮತ್ತಿನ ಸಾಹೇಬ ಬಂದ ದಿನ ನಾನೇ ಅವನನ್ನು ಮೈದಾನಕ್ಕೆ ಕರೆದೊಯ್ದೆ.

“ಇವ ನಮ್ಮ ಮರಿಲಿಂಗಪ್ಪ, ಬೋನಾಳದಾಂವ. ಕೆರಿ ಹಕ್ಕಿ ಇವನ್ನ ನೋಡಿ ಹಾರೋದು ಕಲ್ತಾವ್ರಿ. ದಿನಕ್ಕ ಹನ್ನೆರಡು ರೊಟ್ಟಿ, ಎಂಟು ತತ್ತಿ, ಅರ್ಧ ಕೋಳಿ.”

“ದಿನಕ್ಕೆ?”

“ದಿನಕ್ರಿ. ಎಲ್ಲಾರೂ ಹಂಗ. ರಾಜನ ಮನಿ ಕುದುರಿಗಿ ಆಗದಷ್ಟು ಖರ್ಚು.”

ಸಾಹೇಬ ಬರೆದುಕೊಂಡ. ನನಗೆ ಉಮೇದು ಏರಿತು. ಸಂಬಳ ಎಷ್ಟು ಎಂದು ಅವನು ಕೇಳದಿದ್ದರೂ ಹೇಳಿದೆ. ಅದನ್ನೂ ಬರೆದುಕೊಂಡ.

“ಮ್ಯಾಚಿಗೆ ಎಷ್ಟು ಜನ ಬರ್ತಾರೆ?” ಎಂದು ಕೇಳಿದ.

“ಲಕ್ಷ,” ಎಂದೆ. ಅವನು ತಲೆ ಎತ್ತಿ ನೋಡಿದ. “ಲಕ್ಷ ಅಲ್ದಿದ್ರ ನಾಕೈದು ಸಾವಿರಕ್ಕ ಕಮ್ಮಿ ಇಲ್ರಿ. ಮಂದಿ ಎಂತಾ ಮಂದಿ ಅಂತೀರಿ.”

“ಟಿಕೆಟ್ ದುಡ್ಡು ಅಷ್ಟು ತೋರಿಸ್ತಾ ಇಲ್ವಲ್ಲ.”

“ಟಿಕೇಟ್ ಯಾಕ ಬೇಕ್ರಿ? ಅಲ್ಲಿ ನೋಡ್ರಿ, ಕಾಲುವಿ ಒಡ್ಡು. ಮೈದಾನಕ್ಕಿಂತ ಎರಡು ಆಳು ಎತ್ತರ ಅದ. ಮಂದಿ ಎಲ್ಲಾ ಅದರ ಮ್ಯಾಲ ಕುಂತು ನೋಡ್ತಾರ. ಹಿಂತಾ ಗ್ಯಾಲರಿ ಬೆಂಗಳೂರಾಗ ಎಲ್ಲಿ ಅದ ಹೇಳ್ರಿ.”

ಅವನು ಒಡ್ಡಿನ ಕಡೆ ಬಹಳ ಹೊತ್ತು ನೋಡಿದ. “ಮೈದಾನ ಕ್ಲಬ್ಬಿನದಾ?” ಎಂದ.

“ಕಾಲುವಿ ಇಲಾಖೆದ್ರಿ. ಅವರು ಏನೂ ಅನ್ನಂಗಿಲ್ಲ.”

ಇದನ್ನೂ ಬರೆದುಕೊಂಡ. ಅವನ ಪೆನ್ನು ಓಡಿದಷ್ಟೂ ನನ್ನ ಎದೆ ಉಬ್ಬುತ್ತಿತ್ತು. ಸಂಜೆಯೊಳಗೆ ಐವತ್ತು ಕೋಟಿ ಎಂದು ಶಹಾಪುರದ ಬಸ್ ನಿಲ್ದಾಣದಲ್ಲಿ ಆಗಲೇ ಹೇಳಿ ಬಂದಿದ್ದೆ.

ಮಧ್ಯಾಹ್ನ ಶೆಡ್ಡಿನಲ್ಲಿ ಎಲ್ಲರನ್ನೂ ಕೂಡಿಸಿದರು. ಸಾವ್ಕಾರ ಕುರ್ಚಿಯಲ್ಲಿ, ಲಾಡ್ಲೇಸಾಬ ಅವನ ಬೆನ್ನ ಹಿಂದೆ, ಆಟಗಾರರು ನೆಲದಲ್ಲಿ, ದೇವಕ್ಕ ಬಾಗಿಲ ಹತ್ತಿರ, ತಿಮ್ಮಣ್ಣ ಗೋಡೆಗೆ ಒರಗಿ ನಿಂತು. ಕಿಮ್ಮತ್ತಿನ ಸಾಹೇಬ ಗಂಟಲು ಸರಿಮಾಡಿಕೊಂಡ.

“ಕ್ಲಬ್ಬಿಗೆ ಬೆಲೆ ಕಟ್ಟೋಕೆ ಮೂರು ದಾರಿ ಇದೆ. ಅದರ ಹತ್ರ ಇರೋದನ್ನೆಲ್ಲ ಕೂಡಿಸಿ, ಬೇರೆಯವರಿಗೆ ಕೊಡಬೇಕಾದ್ದನ್ನ ಕಳೆಯೋದು ಒಂದು. ವರ್ಷಕ್ಕೆ ಎಷ್ಟು ದುಡಿಯುತ್ತೆ ನೋಡಿ, ಅದರ ಇಷ್ಟು ಪಟ್ಟು ಅಂತ ಹಿಡಿಯೋದು ಎರಡು. ಇಂಥದೇ ಕ್ಲಬ್ಬು ಬೇರೆ ಕಡೆ ಎಷ್ಟಕ್ಕೆ ಹೋಗಿದೆ ಅಂತ ವಿಚಾರಿಸೋದು ಮೂರು.”

“ಗೆದ್ದಿದ್ದು ಯಾದ್ರಾಗ ಬರ್ತದ್ರಿ?” ಎಂದ ಮರಿಲಿಂಗಪ್ಪ.

“ಬಹುಮಾನದ ಹಣ ಬಂದಿದ್ರೆ ಎರಡನೇದರಲ್ಲಿ ಬರುತ್ತೆ. ಬಂದಿತ್ತಾ?”

“ಕಪ್ಪು ಬಂದಾವ್ರಿ. ಆರು.”

“ಬೆಳ್ಳಿದಾ?”

“ಇಲ್ರಿ.”

“ಹಾಗಾದ್ರೆ ಒಂದನೇದರಲ್ಲಿ. ತೂಕಕ್ಕೆ.”

ಶೆಡ್ಡಿನಲ್ಲಿ ಯಾರೋ ನಕ್ಕರು, ಕೂಡಲೇ ನಿಲ್ಲಿಸಿದರು. ಸಾಹೇಬ ಒಂದೊಂದನ್ನೇ ಬಿಡಿಸಿ ಹೇಳತೊಡಗಿದ. ಲೀಗಿನಲ್ಲಿ ಇಷ್ಟೇ ತಂಡ ಎಂದು ಗೆರೆ ಎಳೆದಿದ್ದಾರೆ. ಹೊಸಬರು ಒಳಗೆ ಬರಬೇಕಾದರೆ ಇದ್ದವರ ಜಾಗ ಕೊಳ್ಳಬೇಕು. ಆ ಜಾಗಕ್ಕೆ ನಲವತ್ತು ಲಕ್ಷ. ಅಂಗಿಯ ಮೇಲಿನ ಜಾಹೀರಾತು, ಅಷ್ಟಿಷ್ಟು ಟಿಕೆಟ್ಟು, ಚೆಂಡು, ಬಲೆ, ಕಪ್ಪು ಎಲ್ಲ ಸೇರಿ ಹತ್ತು ಲಕ್ಷ. ಅಲ್ಲಿಗೆ ಐವತ್ತು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಅವನು ಕೈಯಿಂದ ಕೂರಲು ಹೇಳಿದ.

“ಈಗ ಕಳೆಯೋದು. ಎರಡು ವರ್ಷ ಕೊಡಲೇಬೇಕಾದ ಸಂಬಳ, ಕರಾರಿನ ಪ್ರಕಾರ, ಮೂವತ್ತಾರು ಲಕ್ಷ. ಊಟದ ಬಾಕಿ ಎರಡು ಲಕ್ಷ. ಉಳಿಯೋದು ಹನ್ನೆರಡು. ಅಂದ್ರೆ ಕ್ಲಬ್ಬಿನ ಜಾಗ ಮಾತ್ರ ಆದ್ರೆ ನಲವತ್ತು, ನಿಮ್ಮ ಸಮೇತ ಆದ್ರೆ ಹನ್ನೆರಡು.” ಆಮೇಲೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಆ ಮೈನಸ್ಸಿನ ಮಾತು ಹೇಳಿದ್ದು.

ನಮಗೆ ಯಾರಿಗೂ ಒಮ್ಮೆಗೆ ತಿಳಿಯಲಿಲ್ಲ. ದೇವಕ್ಕನಿಗೆ ಮೊದಲು ತಿಳಿಯಿತು. ಅವಳು ಬಾಗಿಲು ಬಿಟ್ಟು ಮುಂದೆ ಬಂದಳು.

“ಊಟದ ಬಾಕಿ ಅಂದ್ರಲ್ಲ, ಅದು ನಾ ಏನ್ರಿ?”

“ನೀವೇನಮ್ಮ ಖಾನಾವಳಿಯವರು? ಹೌದು.”

“ನನ್ನ ಯಾವ ಕಡಿ ಬರದೀರಿ? ಕೂಡಸೋ ಕಡಿಗೋ, ಕಳಿಯೋ ಕಡಿಗೋ?”

“ಕಳೆಯೋ ಕಡೆ.”

“ತಿಂಗಳಗಟ್ಲೆ ಒಲಿ ಮುಂದ ಬೆಂದು ಇವರ ಮೈಗಿ ಕಂಡ ಹಚ್ಚೀನಿ ನಾ. ನಾ ಹಾಕಿದ ರೊಟ್ಟಿ ಇವರ ಬೆಲಿ ಇಳಸ್ತೇನು?”

ಸಾಹೇಬ ಸಾವ್ಕಾರನ ಕಡೆ ನೋಡಿದ. ಸಾವ್ಕಾರ ಲಾಡ್ಲೇಸಾಬನನ್ನು ಹುಡುಕಿದ. ಲಾಡ್ಲೇಸಾಬ ಆಗಲೇ ಟವೆಲ್ ಕೊಡವಿ ಹೊರಗೆ ಹೋಗಿ ಬೀಡಿ ಹಚ್ಚಿದ್ದ.

“ನಂದೆಷ್ಟ್ರಿ?” ಎಂದೆ ನಾನು ನಡುವೆ ಬಾಯಿ ಹಾಕಿ.

“ನೀವು ಯಾರು?”

“ಮೈಕ್ ಯಂಕಣ್ಣ.”

ಅವನು ಕಾಗದದ ಮೇಲೆ ಬೆರಳಾಡಿಸಿದ, ಕೆಳಗಿನವರೆಗೆ. “ನಿಮ್ಮದು ಎಲ್ಲೂ ಇಲ್ಲ,” ಎಂದ. ಮೈನಸ್ಸೂ ಅಲ್ಲ ನಾನು. ಆ ಕ್ಷಣ ಶೆಡ್ಡಿನ ಹೊರಗೆ ನಿಂತ ಬೇವಿನ ಮರ ನನ್ನ ಸಿಟ್ಟಿಗೆ ಎಲೆ ಉದುರಿಸಿ ಬೋಳಾಯಿತು.

ಸಾವ್ಕಾರ ಕೆಮ್ಮಿದ. “ಹಂಗಾರ ಕಾರ್ಖಾನಿ ಧಣಿ ಏನಂತಾನ?”

“ಅವರಿಗೆ ತಂಡ ಬೆಂಗಳೂರಲ್ಲಿ ಬೇಕು. ಹೆಸರೂ ಬದಲಾಯಿಸ್ತಾರೆ. ಕ್ಲಬ್ಬು ಕೈ ಬದಲಾದ್ರೆ ಒಂದು ತಿಂಗಳ ನೋಟಿಸಿಗೆ ಕರಾರು ರದ್ದು ಅಂತ ನೀವೇ ಬರೆಸಿದ್ದೀರಿ. ಹಾಗಾಗಿ ಜಾಗ ಮಾತ್ರ ತಗೊಂಡ್ರೆ ನಿಮಗೂ ಲಾಭ. ಇವರ ಸಮೇತ ನಲವತ್ತರ ಹತ್ತಿರ ಬರೋ ಹಾಗಿದ್ರೆ ಇಲ್ಲೇ ನಡೆಸೋಕೆ ಅವರ ಅಡ್ಡಿ ಇಲ್ಲ ಅಂದಿದ್ರು. ಆದ್ರೆ ಹನ್ನೆರಡರ ಮಾಲಿಗೆ ಅವರು ಕೈ ಹಾಕಲ್ಲ.”

ಈ ಮಾತು ಒಂದು ಸಂದಿ ತೆರೆಯಿತು. ಆ ಸಂದಿಯೊಳಗೆ ನಾವೆಲ್ಲ ತಲೆ ತೂರಿಸಿದೆವು.

ದೇವಕ್ಕನೇ ಮೊದಲು. “ನನ್ನ ಎರಡು ಲಕ್ಷ ಹೊಡದ ಹಾಕ್ರಿ,” ಎಂದಳು. ಸಾಹೇಬ ಅವಳ ಮುಖ ನೋಡಿದ. “ಹೊಡದ ಹಾಕ್ರಿ ಅಂದ್ನಲ್ಲ. ನಾ ಯಾರಿಗೂ ಉಣಸೇ ಇಲ್ಲ. ಈಗೆಷ್ಟು?”

“ಹದಿನಾಲ್ಕು.”

“ನನ್ನ ಸಂಬಳ ಅರ್ಧ ಮಾಡ್ರಿ,” ಎಂದ ಮರಿಲಿಂಗಪ್ಪ. ಅವನ ಪಕ್ಕದವನು, “ನಂದೂ,” ಎಂದ. ಅವನ ಪಕ್ಕದವನೂ. ಹೀಗೆ ಸಾಲು ಮುಗಿಯಿತು. ಸಂತೆಯಲ್ಲಿ ಬೆಲೆ ಏರಿಸುವ ಕೂಗು ಕೇಳಿದ್ದೇನೆ. ಇದು ಬೇರೆ ಕೂಗು. ಒಬ್ಬೊಬ್ಬನೂ ತನ್ನನ್ನು ತಾನೇ ಇಳಿಸಿಕೊಳ್ಳುತ್ತಿದ್ದ, ಇಳಿಸಿಕೊಂಡ ಮೇಲೆ ಸಾಹೇಬನ ಬಾಯಿ ನೋಡುತ್ತಿದ್ದ. ನಾವು ಹೆಚ್ಚಿನದೇನೂ ಕೇಳುತ್ತಿರಲಿಲ್ಲ. ಸೊನ್ನೆಯಾದರೆ ಸಾಕಿತ್ತು.

“ಮೂವತ್ತು ಲಕ್ಷ ಇಪ್ಪತ್ತು ಸಾವಿರ,” ಎಂದ ಸಾಹೇಬ.

“ಅರ್ಧದಾಗ ಅರ್ಧ ಮಾಡ್ರಿ,” ಎಂದಿತು ಒಂದು ದನಿ.

ಆಗ ತಿಮ್ಮಣ್ಣ ಗೋಡೆ ಬಿಟ್ಟು ಬಂದ. ಕೊರಳ ನರ ಹಗ್ಗದಂತೆ ಎದ್ದಿತ್ತು. ಆಟಗಾರರನ್ನು ಬೈದ. ಆ ಬೈಗುಳ ಇಲ್ಲಿ ಬರೆಯುವಂಥದಲ್ಲ.

“ಬಾಯಿ ಮುಚ್ಚರಿ. ಇನ್ನ ಒಬ್ಬಾವ ತನ್ನ ಇಳಿಸ್ಕೊಂಡ ಅಂದ್ರ ಹಲ್ಲ ಉದರಸ್ತೀನಿ. ಸರ, ನೀವು ಬರಕೋರಿ. ಇವರು ಬಾಯಾಗ ಅಂದದ್ದು ಎಲ್ಲಾ ಹೊಡದ ಹಾಕ್ರಿ. ಹೊಟ್ಟಿಗಿ ಇಲ್ದ ಆಡೋ ಮಂದಿ ಬೇಕಂದ್ರ ಕಾರ್ಖಾನಿ ಗೇಟಿನ ಮುಂದ ಹೋಗಿ ನಿಂದರ್ರಿ, ಸಿಗ್ತಾರ. ಇದು ಟೀಮು.”

“ನಾನು ಲೆಕ್ಕ ಹೇಳಿದೆ ಅಷ್ಟೇ,” ಎಂದ ಸಾಹೇಬ.

“ಲೆಕ್ಕ ಬರೋಬ್ಬರಿ ಅದ. ಲೆಕ್ಕ ತಪ್ಪಾಗಿದ್ರ ಇಷ್ಟ ಸಿಟ್ಟ ಬರ್ತಿರಲಿಲ್ಲ ನನಗ.” ತಿಮ್ಮಣ್ಣ ಸಾವ್ಕಾರನ ಕಡೆ ತಿರುಗಿದ. “ಎತ್ತು ಮಾರಿದ ಮ್ಯಾಲ ಒಕ್ಕಲಿಗ ತನ್ನ ಹಗ್ಗ ಬಿಚ್ಕೊಂಡು ಮನಿಗಿ ಒಯ್ತಾನ. ಎತ್ತು ನಿಮ್ದು, ಮಾರ್ರಿ. ಹಗ್ಗ ನಂದು.” ಹೀಗೆಂದು ಮೈಮೇಲಿನ ನೀಲಿ ಪಟ್ಟಿಯ ಎಡದಂಡೆ ಅಂಗಿ ಕಳಚಿ, ಮಡಚಿ ಬಗಲಲ್ಲಿ ಇಟ್ಟುಕೊಂಡು, ಬರಿ ಬನಿಯನ್ನಿನಲ್ಲಿ ಬಾಗಿಲ ಕಡೆ ನಡೆದ.

ಆಮೇಲೆ ಏನಾಯಿತು ಎಂದರೆ, ಹದಿನಾರೂ ಜನ ಒಮ್ಮೆಗೇ ಎದ್ದು ನಿಂತರು. ಅಂಗಿ ಕಳಚುವ ಗಾಳಿಗೆ ಸಾಹೇಬನ ಕಾಗದಗಳು ಹಾರಿ ಕಾಲುವೆಗೆ ಬಿದ್ದವು. ದೇವಕ್ಕ ಸಾವ್ಕಾರನ ಕುರ್ಚಿ ಎಳೆದಳು, ಅವನು ಬಿದ್ದ ಸದ್ದಿಗೆ ದಿಗ್ಗಿ ಬೆಟ್ಟ ನಡುಗಿತು. ಸಾಹೇಬ ಕನ್ನಡಕ ಬಿಟ್ಟು ಓಡಿದವನು ಸೈದಾಪುರ ಸ್ಟೇಷನ್ನಿನಲ್ಲೇ ನಿಂತದ್ದು. ನಾನು ಮೈಕು ಹಿಡಿದು ಒಡ್ಡಿನ ಮೇಲೆ ಹತ್ತಿ ಕೂಗಿದೆ, ಲಕ್ಷ ಮಂದಿ ಕೂಡಿದರು. ಧಣಿ ಬರಿಗಾಲಲ್ಲಿ ಬಂದು ಎರಡು ಕೋಟಿಗೆ ಬೇಡಿದ, ತಿಮ್ಮಣ್ಣ ಕೊಡಲಿಲ್ಲ. ಇವತ್ತಿಗೂ ಐತವಾರಕ್ಕೊಮ್ಮೆ ಎಡದಂಡೆ ಅಲ್ಲೇ ಆಡುತ್ತದೆ.

ಹೀಗೆಂದು ಮೊನ್ನೆ ದೇವಕ್ಕನ ಖಾನಾವಳಿಯಲ್ಲಿ ರಾಯಚೂರಿಗೆ ಹತ್ತಿ ಒಯ್ಯುವ ಇಬ್ಬರು ಲಾರಿ ಡ್ರೈವರುಗಳಿಗೆ ಹೇಳುತ್ತಿದ್ದೆ. ಅವರು ತುತ್ತು ಬಾಯಿಗಿಡುವುದು ಮರೆತು ಕೇಳುತ್ತಿದ್ದರು. ದೇವಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳು ಇದನ್ನು ಎಷ್ಟೋ ಸಲ ಕೇಳಿದ್ದಾಳೆ, ಗಿರಾಕಿ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಾನೆಂದು ಸುಮ್ಮನಿರುತ್ತಾಳೆ.

“ಹಂಗಾರ ಈ ಐತವಾರ ಮ್ಯಾಚ್ ಅದೇನ್ರಿ?” ಎಂದ ಒಬ್ಬ ಡ್ರೈವರ್. “ನಾವು ಇದೇ ದಾರಿಲಿ ಬರ್ತೀವಿ.”

“ಅದ. ಬರ್ರಿ. ಒಡ್ಡಿನ ಮ್ಯಾಲ ಜಾಗ ಹಿಡೀತೀನಿ.”

“ಎಲ್ಲಿ ಆಡ್ತಾರಲೇ ಯಂಕ್ಯಾ?”

ಈ ದನಿ ಹಿಂದಿನ ಕಡೆಯಿಂದ ಬಂತು. ಗೋಡೆಗೆ ಮುಖ ಮಾಡಿ ಒಬ್ಬ ಉಣ್ಣುತ್ತಿದ್ದ. ಕಾಲುವೆಯ ಕೆಸರು ಮೊಣಕಾಲಿನವರೆಗೆ ಒಣಗಿತ್ತು. ನಾನು ಗಮನಿಸಿರಲಿಲ್ಲ. ತಿಮ್ಮಣ್ಣ ಈ ಕಡೆ ಬರುವುದೇ ಅಪರೂಪ. ಈಗ ಅವನು ಮತ್ತೆ ಗೇಟಿನ ದಿನಗೂಲಿ, ದೂರದ ಉಪಕಾಲುವೆಯ ಮೇಲೆ.

“ಎಲ್ಲಿ ಆಡ್ತಾರ ಹೇಳು. ಅವರು ಬರ್ತೀವಿ ಅಂತಾರ, ಪಾಪ.”

“ಏ ತಿಮ್ಮಣ್ಣ, ಯಾವಾಗ ಬಂದಿ,” ಎಂದೆ. “ಸುಮ್ನ, ಜರಾ ನಗಿಚಾಟಿ.”

“ನಾ ನಗಲಿಲ್ಲ.” ಅವನು ತ್ರಾಣಿ ಹಿಡಿದು ನೀರು ಕುಡಿದ. “ನಾ ಬಾಗಲ ದಾಟೋ ತನಕ ಹೇಳಿದ್ದೆಲ್ಲಾ ಬರೋಬ್ಬರಿ ಅದ. ನಾ ಅಂದದ್ದು ಒಂದ ಮಾತು ಸುದ್ದಾ ತಪ್ಪಿಲ್ಲ. ಮುಂದಿಂದು ಹೇಳು. ನಾ ಇರಲಿಲ್ಲ. ನಂಗೂ ತಿಳೀಲಿ.”

ನಾನು ದೇವಕ್ಕನ ಕಡೆ ನೋಡಿದೆ. ಅವಳ ಕೈ ಹಿಟ್ಟಿನ ಮೇಲೆ ನಿಂತಿತ್ತು.

“ಹೇಳಿಬಿಡು,” ಎಂದಳು. “ನಾನೂ ಅಲ್ಲೇ ಇದ್ದೆ.”

ಡ್ರೈವರುಗಳು ನನ್ನನ್ನೂ ಅವನನ್ನೂ ನೋಡುತ್ತಿದ್ದರು. ಹೇಳಿದೆ. ಮೈದಾನದಲ್ಲಿ ಈಗ ಜಾಲಿ ಬೆಳೆದಿದೆ. ಗೋಲಿನ ಕಂಬಗಳು ಗುಜರಿಗೆ ಹೋಗಿವೆ. ಲೀಗಿನ ಜಾಗ ಬೆಂಗಳೂರಿಗೆ ಹೋಯಿತು, ನಲವತ್ತಕ್ಕೇ ಹೋಯಿತು. ಮರಿಲಿಂಗಪ್ಪ ಕಡೇಚೂರಿನ ಅದೇ ಕಾರ್ಖಾನೆಯಲ್ಲಿ ಚೀಲ ಹೊರುತ್ತಾನೆ. ಆ ದಿನ ಯಾರೂ ಅಂಗಿ ಕಳಚಲಿಲ್ಲ. ಯಾರೂ ಏಳಲಿಲ್ಲ. ದೇವಕ್ಕ ಸೆರಗು ಬಾಯಿಗೆ ಒತ್ತಿ ನಿಂತಿದ್ದಳು. ಎಲ್ಲರೂ ನೆಲ ನೋಡುತ್ತಿದ್ದರು.

“ಆಮ್ಯಾಲ?” ಎಂದ ತಿಮ್ಮಣ್ಣ.

“ಆಮ್ಯಾಲ ಏನಿಲ್ಲ.”

“ಆಮ್ಯಾಲ ಒಬ್ರು ಏನೋ ಅಂದ್ರು. ನಾ ಅಂಗಳದಾಗ ಇದ್ದೆ, ದನಿ ಕೇಳ್ತು, ಮಾತು ಕೇಳಲಿಲ್ಲ.”

ಹೊರಗೆ ಲಾರಿಯೊಂದು ಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೆ ನಾನು ಕಾದೆ.

“ನಾನೇ ಅಂದದ್ದು,” ಎಂದೆ. “ನೀ ಇನ್ನಾ ಅಂಗಳಾನೂ ದಾಟಿರಲಿಲ್ಲ. ಸಾಹೇಬರಿಗಿ ಕೇಳಿದೆ. ತಿಮ್ಮಣ್ಣ ಹ್ವಾದ ಮ್ಯಾಲ ಈಗೆಷ್ಟಾತ್ರಿ, ಅಂತ.”

ಡ್ರೈವರುಗಳಲ್ಲಿ ಒಬ್ಬ ತಟ್ಟೆಯಲ್ಲೇ ಕೈ ತೊಳೆದುಕೊಂಡ. ಇನ್ನೊಬ್ಬ ಅವನನ್ನು ನೋಡಿ ತಾನೂ ತೊಳೆದುಕೊಂಡ.

ನಾನು ತಿಮ್ಮಣ್ಣನ ಕೈ ನೋಡುತ್ತಿದ್ದೆ. ಎತ್ತಿದರೆ ತಡೆಯಬಾರದು ಎಂದುಕೊಂಡೆ. ಕೈ ಎತ್ತಲಿಲ್ಲ.

“ಎಷ್ಟಂದ್ರು?” ಎಂದ.

“ನಿನ್ನ ಸಂಬಳ ಉಳದು ಕಿಮ್ಮತ್ತು ಮೂರು ಲಕ್ಷ ಅರವತ್ತು ಸಾವಿರ ಏರ್ತು ಅಂದ್ರು.”

ಅವನು ತಲೆಯಾಡಿಸಿದ. ದೇವಕ್ಕನ ಮುಂದೆ ದುಡ್ಡಿಟ್ಟು ಹೊರಗೆ ಬಂದ, ಬಾಗಿಲ ಬಳಿ ಚಪ್ಪಲಿ ಮೆಟ್ಟಿದ. ಒಂದರ ಪಟ್ಟಿ ಕಿತ್ತಿತ್ತು. ಅದನ್ನು ಕೈಯಲ್ಲಿ ಹಿಡಿದು, ಒಂದು ಕಾಲು ಬರಿದಾಗಿ, ಸುಡುವ ಡಾಂಬರಿನ ಮೇಲೆ ಗೇಟಿನ ಕಡೆ ನಡೆದುಹೋದ. ದೇವಕ್ಕ ಅವನ ತಟ್ಟೆ ಎತ್ತಲಿಲ್ಲ. ಅದರಲ್ಲಿ ಅರ್ಧ ರೊಟ್ಟಿ ಉಳಿದಿತ್ತು.